ಇಕ್ಕಟ್ಟಾದ ಜಾಗದ ಬೋಲ್ಟಿಗೆ ಲೋ-ಪ್ರೊಫೈಲ್ ಸಾಕೆಟ್ ಸೆಟ್ ಕೊಳ್ಳಬೇಕೇ? ಏನು ನೋಡಿ ಕೊಳ್ಳಬೇಕು?

ನಿಮ್ಮ ಪ್ರಶ್ನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಮಾರುತಿ ಕಾರಿನ ಆಲ್ಟರ್ನೇಟರನ್ನು (ಬ್ಯಾಟರಿ ಚಾರ್ಜ್ ಮಾಡುವ ಜನರೇಟರನ್ನು) ಹಿಡಿದಿರುವ ಕೆಳಗಿನ ಬೋಲ್ಟಿಗೆ 12 ಮಿ.ಮೀ. ಸಾಕೆಟ್ ಬೇಕು. ಬೋಲ್ಟಿನ ತಲೆ ಕೂತಿರುವ ಮೇಲ್ಮೈಯಿಂದ ಎದುರಿನ ತಗಡಿನವರೆಗೆ 48 ಮಿ.ಮೀ. ಜಾಗವಿದೆ. ಮನೆಯಲ್ಲಿರುವ ಅರ್ಧ ಇಂಚಿನ ಡ್ರೈವಿನ (ಡ್ರೈವ್ ಎಂದರೆ ಸಾಕೆಟ್ ಸಿಕ್ಕಿಸುವ ಚೌಕ ತುದಿಯ ಅಳತೆ) ಸೆಟ್ ಅಲ್ಲಿಗೆ ಹೋಗುವುದಿಲ್ಲ. ಹಾಗಾಗಿ ಲೋ-ಪ್ರೊಫೈಲ್, ಅಂದರೆ ಎತ್ತರ ಕಡಿಮೆಯಿರುವ, ಸಾಕೆಟ್ ಸೆಟ್ ಒಂದನ್ನು ಕೊಳ್ಳುವ ಯೋಚನೆಯಲ್ಲಿದ್ದೀರಿ. ಇಡೀ ಸೆಟ್ ಕೊಳ್ಳುವುದನ್ನು ಸ್ವಲ್ಪ ತಡೆಯಿರಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಇಂಥ ಕಡೆ ಜಾಗ ತಿನ್ನುವುದು ಸಾಕೆಟ್ ಒಂದೇ ಅಲ್ಲ. ಅದರ ಬೆನ್ನಿಗೆ ಕೂರುವ, ಹಿಂದೆಮುಂದೆ ಆಡಿಸಿದರೂ ಒಂದೇ ದಿಕ್ಕಿಗೆ ತಿರುಗಿಸುವ ಹಿಡಿಯಾದ ರ‍್ಯಾಚೆಟ್ಟಿನ ತಲೆಯೂ ಬಹುತೇಕ ಅಷ್ಟೇ ಜಾಗ ತಿನ್ನುತ್ತದೆ.

ಮೊದಲು ಲೆಕ್ಕ ಹಾಕೋಣ. ನನ್ನ ಬಳಿಯಿರುವ ಉಪಕರಣಗಳಲ್ಲಿ ಅರ್ಧ ಇಂಚಿನ ಡ್ರೈವಿನ ಸಾಮಾನ್ಯ ಸಾಕೆಟ್ಟಿನ ಎತ್ತರ ಸುಮಾರು 38 ಮಿ.ಮೀ., ಚೌಕ ತುದಿಯನ್ನು ಬಿಟ್ಟು ರ‍್ಯಾಚೆಟ್ ತಲೆಯ ದಪ್ಪ ಸುಮಾರು 35 ಮಿ.ಮೀ.; ಎರಡೂ ಸೇರಿ 73. ಮೂರು ಬೈ ಎಂಟು ಇಂಚಿನ ಡ್ರೈವಿನಲ್ಲಿ ಇದೇ ಮೊತ್ತ 55ರ ಆಸುಪಾಸಿನಲ್ಲಿದೆ, ಕಾಲು ಇಂಚಿನಲ್ಲಿ 45ರ ಆಸುಪಾಸಿನಲ್ಲಿದೆ. ತಯಾರಕರಿಂದ ತಯಾರಕರಿಗೆ ನಾಲ್ಕೈದು ಮಿ.ಮೀ. ಹೆಚ್ಚುಕಡಿಮೆಯಾಗುತ್ತದೆ, ಆದರೆ ಡ್ರೈವ್ ಚಿಕ್ಕದಾದಂತೆ ಒಟ್ಟು ಎತ್ತರ ಎಷ್ಟು ಬೇಗ ಇಳಿಯುತ್ತದೆ ಎಂಬುದು ಇಷ್ಟರಿಂದಲೇ ಕಾಣುತ್ತದೆ. ಅರ್ಧ ಇಂಚಿನ ರ‍್ಯಾಚೆಟ್ಟನ್ನೇ ಇಟ್ಟುಕೊಂಡು ಅದಕ್ಕೆ ಗಿಡ್ಡ ಸಾಕೆಟ್ ಹುಡುಕಿದರೆ, ಸಾಕೆಟ್ಟಿನ ಎತ್ತರವನ್ನು ಅರ್ಧಕ್ಕೆ ಇಳಿಸಿದರೂ ಮೊತ್ತ 54 ಆಗುತ್ತದೆ. ನಿಮ್ಮ 48 ಮಿ.ಮೀ. ಜಾಗಕ್ಕೆ ಅದು ಆಗಲೂ ಒಗ್ಗುವುದಿಲ್ಲ.

ಕಾಲು ಇಂಚಿನ ಸೆಟ್ಟಿನ 45 ಮಿ.ಮೀ. ನಿಮ್ಮ 48ರಲ್ಲಿ ಹಿಡಿಸುತ್ತದಲ್ಲ ಎಂದು ನಿಮಗೆ ಅನ್ನಿಸಬಹುದು. ಹೆಚ್ಚಿನವರು ಲೆಕ್ಕ ತಪ್ಪುವುದು ಇಲ್ಲಿಯೇ. ಸಾಕೆಟ್ ಬೋಲ್ಟಿನ ಮೇಲೆ ಕೂತ ನಂತರ ಬೇಕಾಗುವ ಎತ್ತರ ಬೇರೆ, ಅದನ್ನು ಕೂರಿಸಲು ಬೇಕಾಗುವ ಎತ್ತರ ಬೇರೆ. ಪಕ್ಕದಿಂದ ಉಪಕರಣವನ್ನು ತೂರಿಸಿ ಬೋಲ್ಟಿನ ತಲೆಯನ್ನು ದಾಟಿಸಿ ಇಳಿಸಬೇಕಾದ್ದರಿಂದ ಉಪಕರಣದ ಎತ್ತರಕ್ಕೆ ಬೋಲ್ಟ್ ತಲೆಯ ಎತ್ತರವನ್ನೂ ಸೇರಿಸಬೇಕು. ಎಂ8 (8 ಮಿ.ಮೀ. ದಪ್ಪದ) ಬೋಲ್ಟಿನ ತಲೆಯ ಎತ್ತರ ಸುಮಾರು 5.3 ಮಿ.ಮೀ., ಎಂ10ರದು 6.4, ಎಂ12ರದು 7.5, ಕಾಲರ್ ಇರುವ ಬೋಲ್ಟಿನಲ್ಲಿ ಇದು ಇನ್ನೂ ಕೊಂಚ ಬದಲಾಗುತ್ತದೆ. ನಿಮ್ಮದು 12 ಮಿ.ಮೀ. ತಲೆಯ ಎಂ8 ಎಂದು ಇಟ್ಟುಕೊಂಡರೆ ಒಟ್ಟು 50 ಮಿ.ಮೀ. ದಾಟುತ್ತದೆ, ಅಂದರೆ ಎರಡು ಮೂರು ಮಿ.ಮೀ. ಜಾಗದ ಕೊರತೆ ಬೀಳುತ್ತದೆ. ಸಾಕೆಟ್ಟನ್ನು ಮೊದಲು ಬೋಲ್ಟಿಗೆ ಹಾಕಿ ಆಮೇಲೆ ರ‍್ಯಾಚೆಟ್ ಸೇರಿಸುವ ಉಪಾಯವೂ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಆಗ ರ‍್ಯಾಚೆಟ್ಟಿನ ಚೌಕ ತುದಿಯ ಉದ್ದವನ್ನು ದಾಟಿಸಬೇಕಾಗುತ್ತದೆ, ಮತ್ತು ಕಾಲು ಇಂಚಿನಲ್ಲಿಯೂ ಆ ತುದಿ ಬೋಲ್ಟಿನ ತಲೆಗಿಂತ ಉದ್ದವಾಗಿರುತ್ತದೆ.

ಈ ಎರಡು ಮೂರು ಮಿ.ಮೀ. ಕೊರತೆಯನ್ನು ತುಂಬುವುದೇ ಲೋ-ಪ್ರೊಫೈಲ್ ಸಾಕೆಟ್ಟಿನ ನಿಜವಾದ ಉಪಯೋಗ. ಆದರೆ ಆ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ಸಾಮಾನ್ಯ ಚೌಕ ರಂಧ್ರವಿದ್ದು ಉದ್ದ ಮಾತ್ರ ಕಡಿಮೆ ಮಾಡಿರುವ ಗಿಡ್ಡ ಸಾಕೆಟ್. ಇದಕ್ಕೆ ನಿಮ್ಮಲ್ಲಿರುವ ರ‍್ಯಾಚೆಟ್ ಸಾಕು, ಆದರೆ ಒಳಗೆ ಆಳವಿಲ್ಲದ ಕಾರಣ ನಟ್ಟಿನಿಂದ ಹೊರಚಾಚಿದ ಸ್ಟಡ್ (ತಲೆಯಿಲ್ಲದ ತಿರುಪು ಕಡ್ಡಿ) ರ‍್ಯಾಚೆಟ್ಟಿನ ಚೌಕ ತುದಿಗೆ ತಾಗಿ, ಸಾಕೆಟ್ ನಟ್ಟಿನ ಮೇಲೆ ಅರ್ಧಕ್ಕೇ ನಿಲ್ಲುತ್ತದೆ. ಬೋಲ್ಟಿನ ತಲೆಗೆ ಇದು ಸರಿ, ಸ್ಟಡ್ ಮೇಲಿನ ನಟ್ಟಿಗೆ ಸರಿಯಲ್ಲ. ಇನ್ನೊಂದು, ನಡುವೆ ಆರಪಾರ ತೂತಿರುವ, ಹೊರಮೈಯಲ್ಲಿರುವ ಹಲ್ಲುಗಳನ್ನೋ ಮೂಲೆಗಳನ್ನೋ ಹಿಡಿದು ತಿರುಗಿಸುವ ಪಾಸ್-ಥ್ರೂ ಸಾಕೆಟ್. ಇದರಲ್ಲಿ ಸಾಕೆಟ್ ರ‍್ಯಾಚೆಟ್ಟಿನ ತಲೆಯೊಳಗೇ ಕೂರುವುದರಿಂದ ಎರಡರ ಎತ್ತರ ಒಂದರ ಮೇಲೊಂದು ಕೂಡುವುದಿಲ್ಲ. ಸ್ಟಡ್ ಎಷ್ಟು ಉದ್ದವಿದ್ದರೂ ತೂತಿನಿಂದ ಹಾದುಹೋಗುತ್ತದೆ. ಸೈಲೆನ್ಸರಿನ ಯು-ಕ್ಲ್ಯಾಂಪ್, ಬ್ಯಾಟರಿಯನ್ನು ಹಿಡಿದಿರುವ ಉದ್ದ ಕಡ್ಡಿ, ನಡುವಿನ ರಾಡನ್ನು ಅಲೆನ್ ಕೀಯಿಂದ ಹಿಡಿದುಕೊಂಡೇ ನಟ್ಟನ್ನು ತಿರುಗಿಸಬೇಕಾದ ಶಾಕ್ ಅಬ್ಸಾರ್ಬರಿನ ಮೇಲ್ತುದಿ, ಇಂಥ ಕೆಲಸಗಳು ಪದೇ ಪದೇ ಬರುವುದಾದರೆ ಈ ಸೆಟ್ಟಿಗೆ ಹಾಕಿದ ಹಣ ವಸೂಲಾಗುತ್ತದೆ. ಅದರ ತೊಂದರೆಯೆಂದರೆ ಒಬ್ಬ ತಯಾರಕನ ಸಾಕೆಟ್ ಇನ್ನೊಬ್ಬನ ಹಿಡಿಗೆ ಕೂರುತ್ತದೆ ಎಂಬ ಖಾತ್ರಿಯಿಲ್ಲ, ಒಂದು ಸಾಕೆಟ್ ಕಳೆದರೆ ಬಿಡಿಯಾಗಿ ಸಿಗುವುದೂ ಕಷ್ಟ.

ನಿಮ್ಮ ಬೋಲ್ಟಿನ ಬಗ್ಗೆಯೇ ಹೇಳುವುದಾದರೆ, ಅದು ಗುಳಿಯೊಳಗೆ ಕೂರದೆ ಪಕ್ಕದಲ್ಲಿ ಬಯಲಾಗಿದ್ದರೆ ಸಾಕೆಟ್ಟನ್ನೇ ಬಿಟ್ಟು 12 ಮಿ.ಮೀ. ರ‍್ಯಾಚೆಟ್ ರಿಂಗ್ ಸ್ಪ್ಯಾನರ್ ಒಂದನ್ನು ಕೊಳ್ಳಿರಿ. ಅದರ ತಲೆಯ ದಪ್ಪ 10 ಮಿ.ಮೀ.ಗಿಂತ ಹೆಚ್ಚಿರುವುದು ಅಪರೂಪ. ಬೋಲ್ಟ್ ತಲೆಯನ್ನು ಸೇರಿಸಿದರೂ 15–16 ಮಿ.ಮೀ. ಜಾಗ ಸಾಕು. ಸಾಮಾನ್ಯ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರನ್ನು ಪ್ರತಿ ಸಲ 30 ಡಿಗ್ರಿ ತಿರುಗಿಸಬೇಕು, ಅಂದರೆ 160 ಮಿ.ಮೀ. ಉದ್ದದ ಹಿಡಿಯ ತುದಿ 84 ಮಿ.ಮೀ. ಸರಿಯಬೇಕು. 72 ಹಲ್ಲಿನ ರ‍್ಯಾಚೆಟ್ಟಿಗೆ 5 ಡಿಗ್ರಿ ಸಾಕು, ಅದೇ ಹಿಡಿ 14 ಮಿ.ಮೀ. ಸರಿದರೆ ಮುಂದಿನ ಹಲ್ಲು ಕಚ್ಚುತ್ತದೆ. ಎತ್ತರದ ಇಕ್ಕಟ್ಟು ಇರುವ ಕಡೆ ಹಿಡಿ ಆಡಿಸುವ ಜಾಗಕ್ಕೂ ಸಾಮಾನ್ಯವಾಗಿ ಇಕ್ಕಟ್ಟು ಇರುವುದರಿಂದ, ಯಾವ ಬಗೆಯ ರ‍್ಯಾಚೆಟ್ ಕೊಂಡರೂ ಅದರಲ್ಲಿ ಎಷ್ಟು ಹಲ್ಲಿವೆ ಎಂದು ಕೇಳುವುದು ಒಳ್ಳೆಯದು. ಹಳೆಯ ಸೆಟ್ಟುಗಳಲ್ಲಿ ಬರುವ 24 ಹಲ್ಲಿನ ರ‍್ಯಾಚೆಟ್ ಇಂಥ ಜಾಗದಲ್ಲಿ ಸತಾಯಿಸುತ್ತದೆ.

ಬೋಲ್ಟ್ ಗುಳಿಯಲ್ಲಿದ್ದು ಸಾಕೆಟ್ಟೇ ಬೇಕೆಂದಾದರೆ ಕಾಲು ಇಂಚಿನ ಡ್ರೈವಿನ ಗಿಡ್ಡ ಸಾಕೆಟ್ ತೆಗೆದುಕೊಳ್ಳಿ, ಮತ್ತು ಅಂಗಡಿಯಲ್ಲಿ ಮೂರು ಸಂಗತಿಗಳನ್ನು ಕೈಯಲ್ಲಿ ಹಿಡಿದೇ ನೋಡಿ. ಮೊದಲನೆಯದು ಬಾಯಂಚು. ಬೋಲ್ಟಿನ ಮೇಲೆ ಸುಲಭವಾಗಿ ಇಳಿಯಲೆಂದು ಸಾಕೆಟ್ಟಿನ ಬಾಯಿಯ ಒಳಗೆ ಇಳಿಜಾರು ಕೊಟ್ಟಿರುತ್ತಾರೆ. ಅಷ್ಟು ಭಾಗ ಬೋಲ್ಟನ್ನು ಹಿಡಿಯುವುದೇ ಇಲ್ಲ. 5.3 ಮಿ.ಮೀ. ತಲೆಗೆ 2 ಮಿ.ಮೀ. ಇಳಿಜಾರಿನ ಸಾಕೆಟ್ ಹಾಕಿದರೆ ಹಿಡಿತದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವ್ಯರ್ಥವಾಗುತ್ತದೆ, ಬೋಲ್ಟಿನ ಮೂಲೆಗಳು ಸವೆಯುವುದು ಹೀಗೆಯೇ. ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕಿನ ಮುಚ್ಚಳದಂಥ ತೆಳುವಾದ ತಲೆಗಳಿಗಾಗಿ ಅನುಭವಿ ಮೆಕ್ಯಾನಿಕ್‌ಗಳು ಸಾಕೆಟ್ಟಿನ ಬಾಯನ್ನು ಸಪಾಟಾಗಿ ಉಜ್ಜಿಸಿ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಎರಡನೆಯದು ಮೂಲೆಗಳ ಸಂಖ್ಯೆ: ತೆಳುವಾದ ತಲೆಗೆ ಆರು ಮೂಲೆಯದೇ ಇರಲಿ. ಮೂರನೆಯದು ಹೊರವ್ಯಾಸ. ಅರ್ಧ ಇಂಚಿನ ಡ್ರೈವಿನಲ್ಲಿ 10 ಅಥವಾ 12 ಮಿ.ಮೀ. ಸಾಕೆಟ್ಟಿನ ಹಿಂಭಾಗವೂ 22 ಮಿ.ಮೀ. ಆಸುಪಾಸು ದಪ್ಪವಿರುತ್ತದೆ, ಕಾಲು ಇಂಚಿನಲ್ಲಿ 17ರ ಆಸುಪಾಸು ಸಾಕಾಗುತ್ತದೆ. ಗುಳಿಯ ಅಗಲವನ್ನು ಅಳೆಯದೆ ಹೊರಡಬೇಡಿ.

ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಉಪಕರಣದ ಅಂಗಡಿಗಳಿಗೆ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡು ಹೋಗುವುದು ಉತ್ತಮ. ಲೋ-ಪ್ರೊಫೈಲ್ ಎಂದು ಕೇಳಿದರೆ ಡೀಪ್ (ಉದ್ದನೆಯದು) ಅಲ್ಲದ ಸಾಮಾನ್ಯ ಸಾಕೆಟ್ಟನ್ನೇ ಮುಂದಿಡುವುದುಂಟು; ‘12ರದು, ಎತ್ತರ 20 ಮಿ.ಮೀ. ಒಳಗಿರಬೇಕು’ ಎಂದು ಅಳತೆಯಲ್ಲಿ ಕೇಳಿ. ಹಾಗೆಯೇ 12ರ ಬದಲು 13 ತಂದುಬಿಡಬೇಡಿ: ಮಾರುತಿಯಂಥ ಜಪಾನೀ ಮೂಲದ ವಾಹನಗಳಲ್ಲಿ 10, 12, 14, 17 ಓಡುತ್ತವೆ, ಯುರೋಪಿನ ವಾಹನಗಳಲ್ಲಿ 13, 16, 18 ಎದುರಾಗುತ್ತವೆ.

ಗಿಡ್ಡ ಸಾಕೆಟ್ ಸಿಗದಿದ್ದರೆ ಅಗ್ಗದ ಸಾಮಾನ್ಯ ಸಾಕೆಟ್ಟನ್ನು ಬಾಯಿಯ ಕಡೆಯಿಂದ ಗ್ರೈಂಡರಿನಲ್ಲಿ ಉಜ್ಜಿ ಐದಾರು ಮಿ.ಮೀ. ತಗ್ಗಿಸಿಕೊಳ್ಳಬಹುದು. ನನ್ನ ಪ್ರಕಾರ ಒಂದೇ ಬೋಲ್ಟಿನ ಕೆಲಸಕ್ಕೆ ಇದೇ ಜಾಣತನ, ಇಳಿಜಾರೂ ಇದರಲ್ಲೇ ಹೋಗುತ್ತದೆ. ಉಜ್ಜುವ ಮೊದಲು ಒಳಗಿನ ಷಟ್ಕೋನದ ಆಳವನ್ನು ಅಳೆದು, ಉಜ್ಜಿದ ಮೇಲೆಯೂ ಬೋಲ್ಟಿನ ತಲೆಯಷ್ಟು ಆಳ ಉಳಿಯುತ್ತದೆಂದು ಖಚಿತಪಡಿಸಿಕೊಳ್ಳಿ. ಆಗಾಗ ನೀರಿನಲ್ಲಿ ಅದ್ದಿ ತಣ್ಣಗಾಗಿಸಿ. ಉಕ್ಕು ನೀಲಿ ಬಣ್ಣಕ್ಕೆ ತಿರುಗುವಷ್ಟು ಕಾದರೆ ಗಡಸುತನ ಕಳೆದುಕೊಳ್ಳುತ್ತದೆ. ಕ್ರೋಮ್ ಲೇಪನ ಚೂರುಚೂರಾಗಿ ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ. ಹೀಗೆ ಉಜ್ಜಿದ್ದನ್ನಾಗಲಿ ಕ್ರೋಮ್ ಲೇಪಿತವಾದ ಯಾವುದೇ ಕೈ ಸಾಕೆಟ್ಟನ್ನಾಗಲಿ ಇಂಪ್ಯಾಕ್ಟ್ ಗನ್ನಿಗೆ (ಬಡಿದು ಬಡಿದು ತಿರುಗಿಸುವ ಯಂತ್ರಕ್ಕೆ) ಹಾಕಬೇಡಿ, ಒಡೆದು ಸಿಡಿಯುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಆಲ್ಟರ್ನೇಟರಿನ ಹಿಂದಿರುವ ದಪ್ಪ ತಂತಿಗೆ ಎಂಜಿನ್ ನಿಂತಿದ್ದರೂ ಬ್ಯಾಟರಿಯಿಂದ ನೇರ ವಿದ್ಯುತ್ ಇರುತ್ತದೆ. ಇಕ್ಕಟ್ಟಿನಲ್ಲಿ ಸ್ಪ್ಯಾನರಿನ ಒಂದು ಬದಿ ಅದಕ್ಕೂ ಇನ್ನೊಂದು ಬದಿ ಬಾಡಿಗೂ ತಾಗಿದರೆ ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಸಾಕಷ್ಟು ಹೊತ್ತು ಕಾಯಿರಿ. 8.8 ದರ್ಜೆಯ (ಬೋಲ್ಟಿನ ಬಲ ಸೂಚಿಸುವ ಸಂಖ್ಯೆ) ಎಂ8 ಬೋಲ್ಟನ್ನು ಬಿಗಿಯುವುದಕ್ಕೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್ ಆಸುಪಾಸು ಸಾಕು, ಕಾಲು ಇಂಚಿನ ರ‍್ಯಾಚೆಟ್ ಅದನ್ನು ತಾಳುತ್ತದೆ. ಆದರೆ ತುಕ್ಕಿನ ಬೋಲ್ಟನ್ನು ಕದಲಿಸಲು ಅದಕ್ಕಿಂತ ಬಹಳ ಹೆಚ್ಚು ಬಲ ಬೇಕಾಗಬಹುದು, ಆಗ ಹಿಡಿಗೆ ಪೈಪು ಸಿಕ್ಕಿಸಿ ಎಳೆದರೆ ಒಳಗಿನ ಹಲ್ಲುಗಳು ಮುರಿಯುತ್ತವೆ. ಮೊದಲ ಕದಲಿಕೆಯನ್ನು ಸಾದಾ ರಿಂಗ್ ಸ್ಪ್ಯಾನರಿನಿಂದಲೇ ಮಾಡಿ.

ಕೊನೆಯದಾಗಿ, ಬೋಲ್ಟ್ ಬಿಚ್ಚುತ್ತ ಹೋದಂತೆ ಅದರ ತಲೆ ಎದುರಿನ ತಗಡಿನ ಕಡೆಗೆ ಸರಿಯುತ್ತದೆ, ಉಪಕರಣಕ್ಕಿದ್ದ ಜಾಗ ಅಷ್ಟಷ್ಟೇ ಕಡಿಮೆಯಾಗುತ್ತದೆ. ಒಂದೇ ದಿಕ್ಕಿಗೆ ತಿರುಗುವ, ಗುಂಡಿಯಿಲ್ಲದ ರ‍್ಯಾಚೆಟ್ ರಿಂಗ್ ಸ್ಪ್ಯಾನರ್ ಬೋಲ್ಟಿಗೂ ತಗಡಿಗೂ ನಡುವೆ ಸಿಕ್ಕಿಕೊಂಡರೆ ಅದನ್ನು ಹೊರಗೆ ತೆಗೆಯಲೂ ಆಗುವುದಿಲ್ಲ, ಹಿಂದಕ್ಕೆ ತಿರುಗಿಸಲೂ ಆಗುವುದಿಲ್ಲ. ದಿಕ್ಕು ಬದಲಿಸುವ ಗುಂಡಿಯಿರುವುದನ್ನೇ ಕೊಳ್ಳಿ, ಮತ್ತು ಬೋಲ್ಟ್ ಬೆರಳಿಗೆ ತಿರುಗುವಷ್ಟು ಸಡಿಲವಾದ ಕೂಡಲೇ ಉಪಕರಣವನ್ನು ತೆಗೆದು ಉಳಿದದ್ದನ್ನು ಕೈಯಿಂದಲೇ ಬಿಚ್ಚಿ. ಬೋಲ್ಟಿನ ಉದ್ದವೇ 48 ಮಿ.ಮೀ.ಗಿಂತ ಹೆಚ್ಚಿದ್ದರೆ ಯಾವ ಸಾಕೆಟ್ ತಂದರೂ ಅದು ಆ ದಾರಿಯಲ್ಲಿ ಪೂರ್ತಿ ಹೊರಬರುವುದಿಲ್ಲ. ಹಾಗಿದ್ದರೆ ಎಡ ಅಥವಾ ಬಲ ಚಕ್ರವನ್ನು ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಸರಿಸಿ, ಆ ಕಡೆಯಿಂದ ದಾರಿ ಇದೆಯೇ ಎಂದು ನೋಡಿಕೊಂಡ ಮೇಲೆ ಅಂಗಡಿಗೆ ಹೋಗಿ.