‘ಪರಾರಿ’ ಎಲ್ಲಿಂದ ಬಂತು?

ಪ್ರಶ್ನೆ: ‘ಕಳ್ಳ ಪರಾರಿ’ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಇದು ಸಂಸ್ಕೃತದ ‘ಪರ’ ಮತ್ತು ‘ಅರಿ’ ಸೇರಿ ಆದ ಪದವೇ? ‘ಪಲಾಯನ’ಕ್ಕೂ ಇದಕ್ಕೂ ನಂಟಿದೆಯೇ?

ಉತ್ತರ: ಎರಡೂ ಅಲ್ಲ. ಓಡಿಹೋಗುವುದಕ್ಕೆ ಅರಬ್ಬಿಯಲ್ಲಿ ‘ಫಿರಾರ್’ ಅನ್ನುತ್ತಾರೆ. ಅದು ಪಾರಸಿಗೆ ಹೋಗಿ, ಹಿಂದಿ, ಉರ್ದು, ಮರಾಠಿಗಳಲ್ಲಿ ಫರಾರ್, ಫರಾರಿ ಆಯಿತು. ಕನ್ನಡದ ಬಾಯಿಗೆ ಬಂದಾಗ ಫಕಾರ ಸುಮ್ನೆ ಪಕಾರವಾಯಿತು, ಫಕೀರ ಪಕೀರನಾದ ಹಾಗೆ, ಹಳ್ಳಿಯಲ್ಲಿ ಫಸಲನ್ನು ಈಗಲೂ ಪಸಲು ಅನ್ನುವ ಹಾಗೆ. ಅರ್ಜಿ, ವಕೀಲ, ಜಾಮೀನು, ತಕರಾರು ಎಲ್ಲ ಇದೇ ಬಳಗದವು. ವಿಜಯಪುರದ ಆದಿಲ್‌ಶಾಹಿಯಲ್ಲೂ ಆಮೇಲೆ ಟಿಪ್ಪು ಕಾಲದ ಮೈಸೂರಿನಲ್ಲೂ ಪಾರಸಿ ಆಡಳಿತದ ಭಾಷೆಯಾಗಿತ್ತು, ಹಾಗಾಗಿ ಇಂಥ ಪದಗಳು ನಮ್ಮಲ್ಲಿ ಜಾಸ್ತಿ.

‘ಪಲಾಯನ’ ಮಾತ್ರ ಸಂಸ್ಕೃತದ್ದೇ. ‘ಪರಾ’ ಅಂದರೆ ದೂರ, ಅದಕ್ಕೆ ಹೋಗು ಅನ್ನುವ ಧಾತು ಸೇರಿದೆ, ನಡುವಿನ ರಕಾರ ಲಕಾರವಾಗಿದೆ. ಕೇಳಲು ಹತ್ತಿರ ಅನಿಸಿದರೂ ಮೂಲ ಬೇರೆ.

ಬಳಕೆಯಲ್ಲಿರುವ ಸೂಕ್ಷ್ಮ ನನಗೆ ಇನ್ನೂ ಇಷ್ಟ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿದವನನ್ನು ಪರಾರಿಯಾದ ಅನ್ನುವುದಿಲ್ಲ ಅಲ್ವಾ? ಅವನು ಕಾಲಿಗೆ ಬುದ್ಧಿ ಹೇಳಿದ, ಅಷ್ಟೇ. ಸಾಲ ತೀರಿಸದೆ ರಾತ್ರೋರಾತ್ರಿ ಊರು ಬಿಟ್ಟವನು ಪರಾರಿ. ಅಂದರೆ ಯಾರಿಗೋ ಉತ್ತರ ಹೇಳಬೇಕಾದವನು ತಪ್ಪಿಸಿಕೊಂಡಿದ್ದಾನೆ. ಆಮೇಲೆ ಎಲ್ಲೋ ಅಡಗಿ ಕೂತರೆ ಅದು ತಲೆಮರೆಸಿಕೊಳ್ಳುವುದು. ವರದಿಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬರೆಯುತ್ತಾರೆ. ಬೇರೆ ಬೇರೆಯಾಗಿಯೇ ಬಳಸಬೇಕು ಅಂತ ನನ್ನ ಅಭಿಪ್ರಾಯ.