ಅಪ್ಪನ ಹಳೇ ನಿಕಾನ್ ಡಿ90 ಕ್ಯಾಮೆರಾ ಕೊಟ್ಟು ಡಿ5600 ತಗೊಳ್ಳಬಹುದಾ?

ಬೇಡ. ಡಿ5600 ಅಂತೂ ಬೇಡವೇ ಬೇಡ.

ನಿಮ್ಮಪ್ಪನ ಡಿ90, ಅದರ ಜೊತೆ 18-105 ಜೂಮ್ ಲೆನ್ಸು, ಬ್ಯಾಗಿನ ಮೂಲೆಯಲ್ಲಿ ಒಂದು ಹಳೇ 50 ಎಂಎಂ 1.8ಡಿ ಲೆನ್ಸು. ಮದುವೆ ಮನೆಯಲ್ಲಿ, ಮಗಳ ಶಾಲೆ ಕಾರ್ಯಕ್ರಮದಲ್ಲಿ ಫೋಟೊ ಮಸುಕು. ಕೈಯಲ್ಲಿ 40 ಸಾವಿರ. ನಿಮ್ಮ ಪ್ರಶ್ನೆ ಓದುತ್ತಿದ್ದರೆ ನಮ್ಮ ಮನೆ ಕಥೆಯನ್ನೇ ಯಾರೋ ಬರೆದ ಹಾಗಿತ್ತು.

ನಾವು ದಾವಣಗೆರೆಯವರು. ಅಪ್ಪ ಫಿಲ್ಮ್ ಕ್ಯಾಮೆರಾ ಕಾಲದಿಂದ ನಿಕಾನ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಆ 50 ಎಂಎಂ ಅವರು ಫಿಲ್ಮ್ ಕ್ಯಾಮೆರಾಗೆ ಅಂತಲೇ ತಗೊಂಡಿದ್ದು. ಆಮೇಲೆ ಡಿ90 ಬಂತು, ಲೆನ್ಸ್ ಅದರ ಮೇಲೂ ಆರಾಮಾಗಿ ಕೂತಿತು. ದುಗ್ಗಮ್ಮನ ಜಾತ್ರೆ, ನೆಂಟರ ಮನೆ ನಾಮಕರಣ, ಚಿತ್ರದುರ್ಗದ ಕೋಟೆ ಹತ್ತಿದ್ದು, ಎಲ್ಲಾ ಅದರಲ್ಲೇ ಇದೆ. ತಂಗಿ ಮದುವೆ ಗೊತ್ತಾದಾಗ ನನಗೆ ಹೊಸ ಕ್ಯಾಮೆರಾ ಹುಚ್ಚು ಹಿಡಿಯಿತು. ಡಿ90 ಬಂದಿದ್ದು 2008ರಲ್ಲಿ, 12 ಮೆಗಾಪಿಕ್ಸೆಲ್. ಡಿ5600 ಬಂದಿದ್ದು 2016ರಲ್ಲಿ, 24 ಮೆಗಾಪಿಕ್ಸೆಲ್. ಇನ್ನೇನು ನೋಡೋದು ಅಂದುಕೊಂಡೆ. ಬೆಂಗಳೂರಿನ ಒಂದು ಅಂಗಡಿಗೆ ಹೋಗಿ ಡಿ90 ಮತ್ತು 18-105 ಎರಡನ್ನೂ ಎಕ್ಸ್‌ಚೇಂಜಿಗೆ ಕೊಟ್ಟು ಡಿ5600 ತಂದೆ. 50 ಎಂಎಂ ಮಾತ್ರ ಉಳಿಸಿಕೊಂಡೆ. ‘ನಿಕಾನ್ ಲೆನ್ಸ್ ಎಲ್ಲಾ ಕೂರುತ್ತೆ ಸರ್’ ಅಂದರು. ಕೂರುತ್ತೆ, ಅದು ಸುಳ್ಳಲ್ಲ.

ಮನೆಗೆ ಬಂದು ಕುಂದವಾಡ ಕೆರೆ ಏರಿ ಮೇಲೆ ಬೆಳಗಿನ ಹೊತ್ತು ಓಡಾಡಿ ಫೋಟೊ ತೆಗೆದೆ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸಿನಲ್ಲಿ ಎಲ್ಲಾ ಚೆನ್ನಾಗಿ ಬಂತು. ಹಳೇ ಲೆನ್ಸ್ ಹಾಕಿ ನೋಡಲೇ ಇಲ್ಲ.

ಮದುವೆ ದಿನ ಮಂಟಪದೊಳಗೆ ಬೆಳಕು ಕಮ್ಮಿ. ಮುಹೂರ್ತಕ್ಕೆ ಸ್ವಲ್ಪ ಮುಂಚೆ 50 ಎಂಎಂ ಹಾಕಿ ಬಟನ್ ಅರ್ಧ ಒತ್ತಿದೆ. ಡಿ90ಯಲ್ಲಿ ಝರ್ರ್ ಅಂತ ಲೆನ್ಸ್ ತಿರುಗೋ ಸದ್ದು ಬರುತ್ತಿತ್ತು. ಇದರಲ್ಲಿ ಏನೂ ಇಲ್ಲ. ಬಿಚ್ಚಿ ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ. ಅಷ್ಟರಲ್ಲಿ ಗಟ್ಟಿಮೇಳ ಶುರುವಾಯ್ತು. ಕೈಯಲ್ಲೇ ಫೋಕಸ್ ತಿರುಗಿಸಿ ತೆಗೆದೆ. ತಂಗಿ ತಲೆ ಮೇಲೆ ಅಕ್ಷತೆ ಹಾಕುವಾಗ ನಮ್ಮಜ್ಜಿ ಮುಖದಲ್ಲಿ ಒಂದು ನಗು ಇತ್ತು. ಫೋಟೊದಲ್ಲಿ ಅಜ್ಜಿಯ ಹಿಂದಿನ ಹೂವಿನ ಹಾರ ಕಣ್ಣಿಗೆ ಕಟ್ಟಿದ ಹಾಗಿದೆ, ಅಜ್ಜಿ ಮುಖ ಇಲ್ಲ. ಅಜ್ಜಿ ಈಗ ಇಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಯಾಕೆ ಹೀಗಾಯ್ತು ಅನ್ನೋದನ್ನ ಉದ್ದವಾಗಿಯೇ ಹೇಳುತ್ತೇನೆ, ಓದಿ. ನಿಮ್ಮ ಡಿ90ಯಿಂದ ಲೆನ್ಸ್ ಬಿಚ್ಚಿ, ಲೆನ್ಸ್ ಕೂರುವ ಲೋಹದ ಬಳೆ ನೋಡಿ. ಕೆಳಭಾಗದಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಒಂದು ಪುಟ್ಟ ಮೊಳೆ ಕಾಣುತ್ತೆ. 50 ಎಂಎಂ ಲೆನ್ಸಿನ ಹಿಂಭಾಗದಲ್ಲಿ ಅದಕ್ಕೆ ಸರಿಯಾಗಿ ಒಂದು ಸೀಳು ಇರುತ್ತೆ. ಹಳೇ ಆಟೋಫೋಕಸ್ ಲೆನ್ಸುಗಳಿಗೆ ಸ್ವಂತ ಮೋಟಾರ್ ಇಲ್ಲ. ಕ್ಯಾಮೆರಾ ಒಳಗಿನ ಮೋಟಾರ್ ಈ ಮೊಳೆಯನ್ನು ತಿರುಗಿಸುತ್ತೆ, ಮೊಳೆ ಲೆನ್ಸನ್ನು ತಿರುಗಿಸುತ್ತೆ. 2006ರಲ್ಲಿ ಡಿ40 ತಂದಾಗ ನಿಕಾನ್ ಆ ಮೋಟಾರನ್ನೇ ತೆಗೆದುಹಾಕಿತು, ಕ್ಯಾಮೆರಾ ಚಿಕ್ಕದಾಯ್ತು. ಆಮೇಲೆ ಬಂದ ಡಿ3000 ಸಾಲು, ಡಿ5000 ಸಾಲು, ಯಾವುದರಲ್ಲೂ ಅದಿಲ್ಲ. ಡಿ5600 ಆ ಸಾಲಿನದ್ದೇ.

ಕೈಯಲ್ಲಿ ಫೋಕಸ್ ಮಾಡಿದರಾಯ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 50 ಎಂಎಂ ಲೆನ್ಸನ್ನು 1.8ಕ್ಕೆ, ಅಂದ್ರೆ ಪೂರ್ತಿ, ತೆರೆದು ಎರಡು ಮೀಟರ್ ದೂರದವರನ್ನು ತೆಗೆದರೆ ಸ್ಪಷ್ಟವಾಗಿ ಬರೋ ಜಾಗ ಅರ್ಧ ಗೇಣಿನಷ್ಟು. ಅಜ್ಜಿ ಸ್ವಲ್ಪ ಬಾಗಿದರೂ ಹೋಯ್ತು. ಅದೂ ಅಲ್ಲದೆ ಡಿ90ಯ ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡೋ ಕಿಂಡಿ) ಪೆಂಟಾಪ್ರಿಸಂ ಅನ್ನೋ ಗಾಜಿನ ಪಟ್ಟಕ ಇದೆ, ನೋಟ ದೊಡ್ಡದು. ಡಿ5600ನಲ್ಲಿ ಕನ್ನಡಿ ಜೋಡಿಸಿರೋದು, ನೋಟ ಚಿಕ್ಕದು, ಮಬ್ಬು. ಫೋಕಸ್ ಸರಿಯಾಗಿದೆಯಾ ಅಂತ ಕಣ್ಣಿಗೆ ಗೊತ್ತೇ ಆಗೋದಿಲ್ಲ. ಹೊಸದು ಅಂತ ತಂದ ಕ್ಯಾಮೆರಾ ಈ ಎರಡು ವಿಷಯದಲ್ಲಿ ಹಳೇದಕ್ಕಿಂತ ಕೆಳಗೆ.

ಈಗ ನಿಮ್ಮ ವಿಷಯ. ‘ಕ್ಯಾಮೆರಾ ಹಳೇದಾಯ್ತು, ಅದಕ್ಕೇ ಫೋಟೊ ಮಸುಕು’ ಅನ್ನೋ ಮಾತನ್ನೇ ನಾನು ಒಪ್ಪೋದಿಲ್ಲ. ಎಂಟು ವರ್ಷದ ಹಿಂದೆ ಅದೇ ಡಿ90 ಚೆನ್ನಾಗಿ ತೆಗೆಯುತ್ತಿತ್ತು ಅಂತ ನೀವೇ ಬರೆದಿದ್ದೀರಿ. 18-105 ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯೋದಿಲ್ಲ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತೆ). ನಿಮ್ಮ 50 ಎಂಎಂ 1.8ರಲ್ಲಿ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ಅಂದ್ರೆ 18-105ರಲ್ಲಿ ಶಟರ್ ಸೆಕೆಂಡಿನ 1/20 ಭಾಗ ತೆರೆದಿರಬೇಕಾದ ಕಡೆ ಇದರಲ್ಲಿ 1/200 ಸಾಕು. ಕುಣಿಯೋ ಮಗು 1/20ರಲ್ಲಿ ಯಾವ ಕ್ಯಾಮೆರಾದಲ್ಲೂ ನಿಲ್ಲೋದಿಲ್ಲ, ಲಕ್ಷದ ಕ್ಯಾಮೆರಾ ಆದರೂ ಅಷ್ಟೇ.

ಆ ಲೆನ್ಸನ್ನು ಮೂಲೆಯಿಂದ ತೆಗೆಯಿರಿ. ಅದರ ಮೇಲಿನ ಅಪರ್ಚರ್ ರಿಂಗನ್ನು (ಲೆನ್ಸ್ ಎಷ್ಟು ತೆರೆಯಬೇಕು ಅನ್ನೋ ಬಳೆ) 22ಕ್ಕೆ ತಿರುಗಿಸಿ ಲಾಕ್ ಮಾಡಿ. ಇಲ್ಲದಿದ್ರೆ ಕ್ಯಾಮೆರಾ ‘ಎಫ್‌ಇಇ’ ಅಂತ ತೋರಿಸಿ ಫೋಟೊ ತೆಗೆಯೋದಿಲ್ಲ, ಜನ ಕೆಟ್ಟುಹೋಯ್ತು ಅಂತ ಒಳಗಿಡುತ್ತಾರೆ. ಐಎಸ್ಒ, ಅಂದ್ರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋದು, 1600 ಇಡಿ. ಶಟರ್ ವೇಗ 1/200ಕ್ಕಿಂತ ಕೆಳಗೆ ಬಿಡಬೇಡಿ. ಹಾಗೇ ಟಾರ್ಚ್ ಹಿಡಿದು ಲೆನ್ಸ್ ಒಳಗೆ ನೋಡಿ, ಜೇಡರ ಬಲೆಯಂಥ ಗೆರೆ ಇದ್ದರೆ ಅದು ಫಂಗಸ್. ಇದ್ದರೆ ರಿಪೇರಿಯವರಿಗೆ ತೋರಿಸಿ. ಇನ್ನೊಂದು ಮಾತು: ಮನೆಮಂದಿಯೆಲ್ಲಾ ಬಳಸೋ ಕ್ಯಾಮೆರಾ ಅಂದಿರಿ. ವ್ಯೂಫೈಂಡರ್ ಪಕ್ಕ ಒಂದು ಪುಟ್ಟ ತಿರುಗಣೆ ಇದೆ, ಕಣ್ಣಿನ ಪವರ್‌ಗೆ ಹೊಂದಿಸೋದು. ಅಪ್ಪ ಅವರ ಕಣ್ಣಿಗೆ ತಿರುಗಿಸಿದ್ದರೆ ನಿಮಗೆ ಒಳಗಿರೋದೆಲ್ಲಾ ಮಸುಕಾಗಿಯೇ ಕಾಣುತ್ತೆ. ನಮ್ಮ ಮನೆಯಲ್ಲಿ ಇದಕ್ಕೇ ಜಗಳ ಆಗುತ್ತಿತ್ತು.

12 ಮೆಗಾಪಿಕ್ಸೆಲ್ ಸಾಕಾಗೋದಿಲ್ಲ ಅನ್ನೋ ಚಿಂತೆ ಬಿಡಿ. ಆಲ್ಬಮ್ಮಿನ 12×8 ಇಂಚಿನ ಪ್ರಿಂಟಿಗೆ ಅದು ಧಾರಾಳ.

ಇಷ್ಟೆಲ್ಲಾ ಮಾಡಿಯೂ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬದಲಿಸಲೇಬೇಕು ಅನ್ನಿಸಿದರೆ ಸೆಕೆಂಡ್ ಹ್ಯಾಂಡ್ ಡಿ7200 ಹುಡುಕಿ. 2015ರದ್ದು, 24 ಮೆಗಾಪಿಕ್ಸೆಲ್, ಒಳಗೆ ಮೋಟಾರ್ ಇದೆ, ಕತ್ತಲಲ್ಲಿ ಡಿ90ಗಿಂತ ತುಂಬಾ ಮುಂದೆ. ನಾನು ಡಿ5600 ಮಾರಿ ಕೊನೆಗೆ ತಗೊಂಡಿದ್ದು ಅದೇ. ಡಿ7500 ಕೂಡ ಆದೀತು.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ಬೇಕಾಗೋದು ವಿಡಿಯೊಗೆ. ಡಿ90 ವಿಡಿಯೊ ತೆಗೆದ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರೋ ಡಿಜಿಟಲ್ ಕ್ಯಾಮೆರಾ) ನಿಜ, ಆದರೆ ರೆಕಾರ್ಡ್ ಆಗುವಾಗ ಅದು ಫೋಕಸ್ ಮಾಡೋದಿಲ್ಲ. ಮಗಳ ಡ್ಯಾನ್ಸ್ ಪೂರ್ತಿ ವಿಡಿಯೊ ಬೇಕು ಅಂದ್ರೆ ನಿಕಾನ್ ಝಡ್50 ಥರದ್ದು ನೋಡಿ. ಆದರೆ ಹಳೇ ಲೆನ್ಸ್ ಕೂರಿಸೋಕೆ ಇರೋ ನಿಕಾನಿನ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ನಿಮ್ಮ 50 ಎಂಎಂ ಅದರಲ್ಲಿ ಆಟೋಫೋಕಸ್ ಆಗೋದಿಲ್ಲ. ಆ ಅಡಾಪ್ಟರಿನಲ್ಲೂ ತಿರುಗಿಸೋ ಮೊಳೆ ಇಲ್ಲ. ಹೊಸ ಲೆನ್ಸಿನ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ, 40 ಸಾವಿರ ಸಾಲೋದಿಲ್ಲ.

ಲೆನ್ಸ್ ಕೊಳ್ಳುವಾಗಲೂ ಹುಷಾರು. ಡಿ90ಗೆ ‘ಎಎಫ್-ಪಿ’ ಅಂತ ಬರೆದಿರೋದು ಬೇಡ, ಅದರಲ್ಲಿ ಫೋಕಸ್ಸೇ ಆಗೋದಿಲ್ಲ. ‘ಎಎಫ್-ಎಸ್’ ಅಂತ ಇರೋದು ಡಿ90ಯಲ್ಲೂ ಫೋಕಸ್ ಆಗುತ್ತೆ, ಮುಂದೆ ಯಾವ ನಿಕಾನ್ ಡಿಎಸ್‌ಎಲ್‌ಆರ್ ತಗೊಂಡರೂ ಫೋಕಸ್ ಆಗುತ್ತೆ. 35 ಎಂಎಂ 1.8ಜಿ ಡಿಎಕ್ಸ್ ಅನ್ನೋ ಲೆನ್ಸ್ ಅಂಥದ್ದೇ. ಮನೆಯೊಳಗೆ ನಾಲ್ಕು ಜನ ಕೂತಾಗ 50 ಎಂಎಂ ತೀರಾ ಹತ್ತಿರ ಅನ್ನಿಸುತ್ತೆ, ಆಗ ಇದು ಬೇಕಾಗುತ್ತೆ.

ಏನೇ ತಗೊಳ್ಳೋ ಮುಂಚೆ ಮಸುಕಾದ ಒಂದು ಫೋಟೊದ ಶಟರ್ ಸ್ಪೀಡ್, ಐಎಸ್ಒ, ಅಪರ್ಚರ್ ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.