ಸತ್ತವರ ಲೆಕ್ಕ ಬರೆದರೆ ಸಾಕಾ?

ಪ್ರಶ್ನೆ: ಮೇಷ್ಟ್ರೇ, ನಾನು ಎಂ.ಎ. ಇತಿಹಾಸ ಓದುತ್ತಿದ್ದೇನೆ. ಸೆಮಿನಾರಿಗೆ ಅರ್ಮೇನಿಯನ್ನರ ನರಮೇಧ, ರುವಾಂಡಾದ ನರಮೇಧ ಎರಡನ್ನೂ ಹೋಲಿಸಬೇಕು. ಸತ್ತವರ ಸಂಖ್ಯೆ ಬರೆದು ಯಾವುದು ದೊಡ್ಡದು ಅಂತ ತೋರಿಸಿದರೆ ಸಾಕಾ?
— ಓದುಗಿ, ಹಿರಿಯೂರು

ಉತ್ತರ: ಸಾಲದು ಕಣಮ್ಮ. ದಾವಣಗೆರೆಯಲ್ಲಿ ಪಾಠ ಮಾಡುವಾಗ ನಾನೂ ಒಮ್ಮೆ ಹಾಗೇ ಮಾಡಿದ್ದೆ. ಬೋರ್ಡಿನ ಒಂದು ಕಡೆ 1915, ಇನ್ನೊಂದು ಕಡೆ 1994. ಒಂದರ ಕೆಳಗೆ 10 ಲಕ್ಷಕ್ಕೂ ಜಾಸ್ತಿ, ಇನ್ನೊಂದರ ಕೆಳಗೆ 8 ಲಕ್ಷ. ಹಿಂದಿನ ಬೆಂಚಿನ ಹುಡುಗ, "ಹಾಗಾದ್ರೆ ರುವಾಂಡಾದ್ದು ಸಣ್ಣದು ಅಲ್ವಾ ಸರ್" ಅಂದ. ಡಸ್ಟರ್ ತೆಗೆದುಕೊಂಡು ಎರಡನ್ನೂ ಅಳಿಸಿದೆ. ಹಾಗೆ ಯೋಚಿಸುವುದನ್ನು ಅವನಿಗೆ ಕಲಿಸಿದ್ದು ನಾನೇ. ಅವತ್ತು ಊಟ ಸೇರಲಿಲ್ಲ.

ಉಳಿದವರು ಆಮೇಲೆ ಹೇಗೆ ಬದುಕಿದರು, ಅದನ್ನು ನೋಡು.

ಇವತ್ತಿನ ಟರ್ಕಿಯನ್ನು ಆಗ ಆಳುತ್ತಿದ್ದ ಒಟ್ಟೋಮನ್ ಸರ್ಕಾರ 1915ರ ಏಪ್ರಿಲ್ 24ರಂದು ಇಸ್ತಾಂಬುಲ್‌ನಲ್ಲಿ ಅರ್ಮೇನಿಯನ್ ಬರಹಗಾರರನ್ನು, ಮುಖಂಡರನ್ನು ಹಿಡಿಯಿತು. ಅರ್ಮೇನಿಯನ್ನರು ಅಲ್ಲಿನ ಕ್ರಿಶ್ಚಿಯನ್ ಅಲ್ಪಸಂಖ್ಯಾತರು. ಊರಿಗೆ ಊರನ್ನೇ ಎಬ್ಬಿಸಿ ಸಿರಿಯಾದ ಮರಳುಗಾಡಿನ ಕಡೆ ನಡೆಸಿತು. ಎಷ್ಟೋ ಜನ ದಾರಿಯಲ್ಲೇ ಹೋದರು. ಬದುಕುಳಿದ ಎಷ್ಟೋ ಮಕ್ಕಳು ಬೇರೆಯವರ ಮನೆ ಸೇರಿದರು. ಅಲ್ಲಿ ಹೆಸರೂ ಬೇರೆ, ಧರ್ಮವೂ ಬೇರೆ. ಮಿಕ್ಕವರು ಲೆಬನಾನ್, ಫ್ರಾನ್ಸ್, ಅಮೆರಿಕ ಅಂತ ಚದುರಿಹೋದರು. ಟರ್ಕಿ ಸರ್ಕಾರ ಇದನ್ನು ನರಮೇಧ ಅಂತ ಇವತ್ತಿಗೂ ಒಪ್ಪಿಲ್ಲ. ಮುತ್ತಜ್ಜಿಗೆ ಆದದ್ದು ನಿಜ ಅಂತ ಮರಿಮಗಳು ಇನ್ನೂ ವಾದ ಮಾಡಬೇಕು.

ರುವಾಂಡಾದಲ್ಲಿ ಸೈನಿಕರ ಜೊತೆ ಪಕ್ಕದ ಮನೆಯವರೂ ಮಚ್ಚು ಹಿಡಿದರು. ಅಲ್ಲಿ ಹುಟುಗಳು ಬಹುಸಂಖ್ಯಾತರು, ಟುಟ್ಸಿಗಳು ಅಲ್ಪಸಂಖ್ಯಾತರು. ಬೆಲ್ಜಿಯನ್ನರು ಆಳುತ್ತಿದ್ದ ಕಾಲದಲ್ಲಿ ಶುರುವಾದ ಗುರುತಿನ ಚೀಟಿಯಲ್ಲಿ ಯಾರು ಹುಟು, ಯಾರು ಟುಟ್ಸಿ ಅಂತ ಬರೆದಿರುತ್ತಿತ್ತು. ರಸ್ತೆಗೆ ಅಡ್ಡ ನಿಂತು ಚೀಟಿ ಕೇಳುತ್ತಿದ್ದರು. ಟುಟ್ಸಿ ಅಂತ ಇದ್ದರೆ ಕಥೆ ಮುಗಿಯಿತು. ರೇಡಿಯೋ ಟುಟ್ಸಿಗಳನ್ನು ಜಿರಳೆ ಅಂತ ಕರೆಯಿತು, ಕೊಲ್ಲಬೇಕಾದವರ ಹೆಸರನ್ನೂ ಓದಿತು. ನಮ್ಮ ಮನೆಯಲ್ಲಿ ಬೆಳಗ್ಗೆ ಚಿತ್ರದುರ್ಗ ಆಕಾಶವಾಣಿ ಹಾಕದೆ ಕಾಫಿ ಕುಡಿಯುವುದಿಲ್ಲ. ಆ ರೇಡಿಯೋದಲ್ಲಿ ಎದುರು ಮನೆಯವರ ಹೆಸರು ಬಂದರೆ? ನೆನೆಸಿಕೊಂಡರೆ ಕೈ ನಡುಗುತ್ತದೆ.

ಆದರೆ ಅಲ್ಲಿ ಸುಮಾರು 100 ದಿನಗಳ ಕೊಲೆ ನಿಂತ ಮೇಲೆ ಉಳಿದವರು ಬದುಕಿದ್ದು ಅದೇ ದೇಶದಲ್ಲಿ, ಎಷ್ಟೋ ಜನ ಅದೇ ಊರಲ್ಲಿ. ಜೈಲಿಂದ ಬಂದ ಕೊಲೆಗಾರನೂ ಅದೇ ಬೀದಿಗೆ ಬಂದ. ಗಚಾಚಾ ಅನ್ನುವ ಊರ ನ್ಯಾಯ ಪಂಚಾಯಿತಿಗಳು 2012ರಲ್ಲಿ ಮುಗಿಯುವ ಹೊತ್ತಿಗೆ 10 ಲಕ್ಷಕ್ಕೂ ಜಾಸ್ತಿ ಕೇಸು ನೋಡಿದ್ದವು. ಹೆಣ ಎಲ್ಲಿ ಹೂತಿದ್ದೇವೆ ಅಂತ ಕೊಂದವರ ಬಾಯಿಂದಲೇ ಎಷ್ಟೋ ಮನೆಯವರಿಗೆ ಗೊತ್ತಾಯಿತು. ಸಾಕ್ಷಿ ಹೇಳಿದ್ದಕ್ಕೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಅತ್ಯಾಚಾರಕ್ಕೆ ಸಿಕ್ಕಿದ ಹೆಂಗಸರಲ್ಲಿ ಅನೇಕರಿಗೆ ಎಚ್‌ಐವಿ ಅಂಟಿತು. ಅವರ ಬಗ್ಗೆ ಒಂದು ಪುಟ ಬೇರೆ ಬರೆ. ನಮ್ಮ ಕಡೆ ಸೆಮಿನಾರುಗಳಲ್ಲಿ ಇದನ್ನು ಹಾರಿಸಿಬಿಡುತ್ತಾರೆ.

ರುವಾಂಡಾದ ನ್ಯಾಮಟಾ ಊರಿನ ಚರ್ಚಿನಲ್ಲಿ ಅಡಗಿದ್ದವರನ್ನು ಒಳಗೇ ಕೊಂದರು. ಅವರ ಬಟ್ಟೆಗಳು ಅಲ್ಲಿನ ಬೆಂಚುಗಳ ಮೇಲೆ ರಾಶಿಯಾಗಿವೆ, ರಕ್ತ, ಮಣ್ಣು ಹಿಡಿದು ಎಲ್ಲ ಒಂದೇ ಬಣ್ಣ. ನಿನ್ನ ಮೊದಲ ಪುಟಕ್ಕೆ ಆ ಬಟ್ಟೆ ಇರಲಿ. ಅದರ ಪಕ್ಕ, ಹೆಸರು ಬದಲಾದ ಆ ಅರ್ಮೇನಿಯನ್ ಮಗು. ಸಂಖ್ಯೆ ಆಮೇಲೆ ಬರೆ.